ಬಲೆಯ ಕಣ್ಣು, ಅಳಿವೆಯ ಬಾಗಿಲು



ಕಡಲ ಜೀವಿಗಳನ್ನೂ ಅವುಗಳ ನೆಲೆಗಳನ್ನೂ ಉಳಿಸುವ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಾಗ ನನಗೆ ಮೊದಲು ನೆನಪಾದದ್ದು ಎರಡು ಹೊಳೆಗಳು. ಅಘನಾಶಿನಿ ಮತ್ತು ಶರಾವತಿ. ಎರಡೂ ಘಟ್ಟದಲ್ಲಿ ಹುಟ್ಟಿ ಉತ್ತರ ಕನ್ನಡದಲ್ಲೇ ಕಡಲು ಸೇರುತ್ತವೆ. ಒಂದರ ಅಳಿವೆ ಕುಮಟಾ ತಾಲ್ಲೂಕಿನ ತದಡಿಯಲ್ಲಿ, ಇನ್ನೊಂದರದು ಹೊನ್ನಾವರದಲ್ಲಿ. ಅದೇ ಮಳೆ, ಅದೇ ಕೆಂಪು ಮಣ್ಣು, ಅದೇ ಉಬ್ಬರ ಇಳಿತ. ಆದರೂ ಬೇಸಿಗೆಯ ಒಂದು ಇಳಿತದ ಹೊತ್ತಿಗೆ ತದಡಿಯ ದಡದಲ್ಲಿ ನಿಂತು ನೋಡಿದರೆ ಸೊಂಟಮಟ್ಟದ ನೀರಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಕಾಲಿನಿಂದ ತಡವಿ ತಡವಿ ಬಳಚು, ಚಿಪ್ಪೆಕಲ್ಲು ಹೆಕ್ಕುವುದು ಕಾಣುತ್ತದೆ. ದೋಣಿ ತುಂಬ ಚಿಪ್ಪು. ಹೊನ್ನಾವರದ ಅಳಿವೆಯಲ್ಲಿ ಆ ಸುಗ್ಗಿ ಇಲ್ಲ.

ಕಾರಣ ಘಟ್ಟದ ಮೇಲಿದೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಯಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ವಿದ್ಯುದಾಗಾರಕ್ಕೆ ಬಿಡುವುದು ಅದರ ಕೆಲಸ. ನಾಡಿಗೆ ಬೆಳಕು ಕೊಟ್ಟ ಯೋಜನೆ ಅದು. ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಕೆಳಗೆ ಅಳಿವೆಯಲ್ಲಿ ಏನಾಯಿತು ಎಂಬುದನ್ನು ನಾವು ಬಹಳ ಕಾಲ ಕೇಳಲೇ ಇಲ್ಲ. ಅಣೆಕಟ್ಟಿಲ್ಲದ ಹೊಳೆಯ ಬಾಯಲ್ಲಿ ಮಳೆಗಾಲದ ನೀರು ಸಿಹಿ. ಮಳೆ ನಿಂತು ಹೊಳೆ ಸೊರಗಿದಂತೆ ಕಡಲು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಉಪ್ಪು ಮೈಲಿಗಟ್ಟಲೆ ಮೇಲೇರುತ್ತದೆ. ಚಿಪ್ಪಿನ ಜೀವಿಗಳು, ಸಿಗಡಿ, ಏಡಿ, ಅಳಿವೆಗೆ ಬಂದು ಬೆಳೆಯುವ ಎಷ್ಟೋ ಮೀನಿನ ಮರಿಗಳು, ಇವೆಲ್ಲದರ ಬಾಳು ಈ ಏರಿಳಿತವನ್ನು ನಂಬಿಕೊಂಡಿದೆ. ಶರಾವತಿಯಲ್ಲಾದರೆ ಏಪ್ರಿಲ್, ಮೇ ತಿಂಗಳಲ್ಲೂ ಟರ್ಬೈನ್ ದಾಟಿದ ಸಿಹಿನೀರು ಇಳಿದು ಬರುತ್ತಲೇ ಇರುತ್ತದೆ. ಉಪ್ಪಿಗೆ ಒಳಗೆ ಬರಲು ಜಾಗವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಈ ಎರಡು ಅಳಿವೆಗಳನ್ನು ವರ್ಷಗಟ್ಟಲೆ ಅಳೆದು, ಎಣಿಸಿ ನೋಡಿದ್ದಾರೆ. ಉಪ್ಪಿನ ಅಂಶ, ಮೀನಿನ ಬಗೆಗಳು, ಚಿಪ್ಪಿನ ಜೀವಿಗಳು, ಹೀಗೆ ಯಾವ ಲೆಕ್ಕದಲ್ಲೂ ಅಣೆಕಟ್ಟಿಲ್ಲದ ಅಘನಾಶಿನಿಯೇ ಸಮೃದ್ಧ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಕಡಲನ್ನು ಉಳಿಸುವುದೆಂದರೆ ಕಡಲಿಗೆ ಹೋಗಿ ಏನೋ ಮಾಡುವುದು ಎಂದೇ ನಾವು ತಿಳಿದಿದ್ದೇವೆ. ಕಾಡಿನ ರಕ್ಷಣೆಯಿಂದ ಕಲಿತ ಅಭ್ಯಾಸ ಅದು: ನಕಾಶೆಯಲ್ಲಿ ಗೆರೆ ಎಳೆ, ಫಲಕ ನೆಡು, ಕಾವಲಿಡು. ಕಡಲಿನಲ್ಲಿ ಆ ಗೆರೆ ನಿಲ್ಲುವುದಿಲ್ಲ. ಅಲ್ಲಿ ಕಾಯಬೇಕಾದದ್ದು ಮೂರು: ಮರಿಗಳು ಬಂದು ಹೋಗುವ ಬಾಗಿಲು, ಮೊಟ್ಟೆಯಿಡುವ ಕಾಲ, ಮತ್ತು ಬಲೆಯ ಕಣ್ಣಿನ ಅಳತೆ. ಈ ಮೂರೂ ಇರುವುದು ಮನುಷ್ಯರ ಕೈಯಲ್ಲಿ, ಅದರಲ್ಲೂ ಹೆಚ್ಚಾಗಿ ದಡದ ಮೇಲೆ.

ಬಾಗಿಲಿನ ಮಾತನ್ನು ಮುಂದುವರಿಸುತ್ತೇನೆ. ಅಘನಾಶಿನಿಯ ಎರಡೂ ದಡದಲ್ಲಿ ಗಜನಿ ಭೂಮಿಗಳಿವೆ. ಮಳೆಗಾಲದಲ್ಲಿ ಉಪ್ಪು ಇಳಿದಾಗ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ, ಉಪ್ಪು ತಡೆದುಕೊಳ್ಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯದ ತಳಿ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ತೆಗೆದು ಕೂಳೆಯನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದರ ಜೊತೆ ಸಿಗಡಿ ಮರಿ, ಮೀನಿನ ಮರಿ ಬರುತ್ತವೆ. ಕೊಳೆಯುವ ಕೂಳೆಯೇ ಅವುಗಳ ಊಟಕ್ಕೆ ಮೂಲ. ಒಂದೇ ಗದ್ದೆ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಕಡಲ ನೆಲೆಯನ್ನು ಕೆಡಿಸದೆ ಬಳಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಓದಿಲ್ಲ, ನೋಡಿಲ್ಲ.

ಅದನ್ನೂ ನಾವು ಹಾಗೇ ಇರಗೊಡಲಿಲ್ಲ. ಮಣ್ಣಿನ ಒಡ್ಡುಗಳ ಜಾಗದಲ್ಲಿ ಗಟ್ಟಿ ಒಡ್ಡುಗಳು ಬಂದವು. ಆಮೇಲೆ ಸಿಗಡಿಗೆ ವಿದೇಶದ ಬೆಲೆ ಬಂದಾಗ ಗಜನಿಗಳು ಗುತ್ತಿಗೆಗೆ ಹೋದವು, ಭತ್ತ ನಿಂತಿತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕಡಿದರು. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಯುದ್ದಕ್ಕೂ ಸಿಗಡಿ ಕೆರೆಗಳನ್ನು ಖಾಲಿ ಮಾಡಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ವಿರುದ್ಧ ಕಠಿಣ ತೀರ್ಪು ಕೊಟ್ಟಿತು. ತದಡಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರ ತರುವ ಮಾತೂ ನಡೆದು, ಜನರ ವಿರೋಧಕ್ಕೆ ನಿಂತುಹೋಯಿತು. ಇಷ್ಟೆಲ್ಲ ದಾಟಿ 2024ರ ಆರಂಭದಲ್ಲಿ ಅಘನಾಶಿನಿ ಅಳಿವೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಆ ಗೌರವದ ಮುಖ್ಯ ಹಕ್ಕುದಾರರು ಗಜನಿಯ ರೈತರು ಮತ್ತು ಬಳಚು ಹೆಕ್ಕುವ ಹೆಂಗಸರು. ಆದರೆ ಅವರೇ ಇವತ್ತು ಚಿಪ್ಪು ಕಡಿಮೆಯಾಗುತ್ತಿದೆ ಎನ್ನುತ್ತಾರೆ. ಹೂಳಿನಡಿಯ ಹಳೆಯ ಚಿಪ್ಪನ್ನು ಸುಣ್ಣಕ್ಕಾಗಿ ಬಗೆದದ್ದು, ಮರಳು ತೆಗೆದದ್ದು, ಬೇಡಿಕೆ ಹೆಚ್ಚಿ ಬೆಳೆಯದ ಚಿಪ್ಪನ್ನೂ ಹೆಕ್ಕಿದ್ದು, ಎಲ್ಲ ಕೂಡಿಕೊಂಡಿವೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಂದು ಚಿಪ್ಪೂ ಹೆಚ್ಚು ಹುಟ್ಟುವುದಿಲ್ಲ.

ಕಾಂಡ್ಲಾ ನೆಡುವ ಬಗ್ಗೆಯೂ ಎರಡು ಮಾತು. 2021ರ ದೇಶದ ಅರಣ್ಯ ವರದಿಯಂತೆ ಕರ್ನಾಟಕದಲ್ಲಿ ಇರುವ ಕಾಂಡ್ಲಾ ಕಾಡು ಬರೀ 13 ಚದರ ಕಿಲೋಮೀಟರ್. ಹಾಗಾಗಿ ನೆಡುವುದು ಬೇಕು. ಕುಂದಾಪುರದ ಪಂಚಗಂಗಾವಳಿಯಲ್ಲಿ, ಹೊನ್ನಾವರದಲ್ಲಿ, ಕಾರವಾರದ ಕಾಳಿಯ ದಡದಲ್ಲಿ ಈ ಕೆಲಸ ನಡೆದಿದೆ, ಚೆನ್ನಾಗಿಯೂ ನಡೆದಿದೆ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ಜೋತಾಡುತ್ತದೆ. ಇಳಿತದ ಹೊತ್ತಿಗೆ ಕೆಸರಿಗೆ ಚುಚ್ಚಿದರೆ ಬದುಕಿಕೊಳ್ಳುತ್ತದೆ. ಸುಲಭವಾದ ಕೆಲಸವಾದ್ದರಿಂದಲೇ ಎಚ್ಚರ ಬೇಕು. ಬಯಲು ಕೆಸರು ಖಾಲಿ ಜಾಗವೆಂದು ತಿಳಿದು ಅಲ್ಲೂ ನೆಟ್ಟರೆ ಬಳಚಿನ ನೆಲೆ ಹೋಗುತ್ತದೆ, ವಲಸೆ ಹಕ್ಕಿಗಳ ಮೇವು ಹೋಗುತ್ತದೆ. ಮೊದಲು ಕಾಂಡ್ಲಾ ಇದ್ದ ಕಡೆ ನೆಡಬೇಕು, ಒಂದೇ ಜಾತಿಯ ಬದಲು ಅಲ್ಲಿ ಇದ್ದ ಜಾತಿಗಳನ್ನೆಲ್ಲ ನೆಡಬೇಕು. ನೆಟ್ಟ ಗಿಡಗಳ ಲೆಕ್ಕಕ್ಕಿಂತ ಐದು ವರ್ಷ ಕಳೆದು ಉಳಿದ ಗಿಡಗಳ ಲೆಕ್ಕ ಇಡಬೇಕು.

ಇನ್ನು ಕಾಲದ ಮಾತು.

ನನ್ನ ಬಾಲ್ಯದಲ್ಲಿ ರಂಪಣಿ ನೋಡಿದ ನೆನಪು ಇನ್ನೂ ಹಸಿಯಾಗಿದೆ. ದೋಣಿ ಬಂಗುಡೆಯ ಹಿಂಡನ್ನು ಬಳಸಿ ಬಲೆ ಬಿಟ್ಟು ಬರುತ್ತಿತ್ತು. ದಡದಲ್ಲಿ ಎರಡು ಸಾಲಾಗಿ ಹತ್ತಿರ ಹತ್ತಿರ ನೂರು ಜನ ಹಗ್ಗ ಎಳೆಯುತ್ತಿದ್ದರು. ಬಲೆಯ ತುಂಡುಗಳು ಹಲವು ಮನೆಗಳದ್ದು. ಮೀನಿನ ಪಾಲೂ ಹಾಗೆಯೇ. ಹಗ್ಗಕ್ಕೆ ಕೈಹಾಕಿದ ದಾರಿಹೋಕನಿಗೂ ಒಂದಿಷ್ಟು ಸಿಗುತ್ತಿತ್ತು. ರಂಪಣಿಯನ್ನು ನಾನು ದೇವರ ಕೋಣೆಯಲ್ಲಿಡುವುದಿಲ್ಲ. ದೊಡ್ಡ ಹಿಂಡು ಬಂದರೆ ಅದೂ ದೊಡ್ಡದು ಚಿಕ್ಕದು ನೋಡದೆ ಬಾಚುತ್ತಿತ್ತು. ಆದರೆ ಅದಕ್ಕೆ ಒಂದು ಮಿತಿ ತಾನಾಗಿ ಇತ್ತು: ಮೀನು ದಡಕ್ಕೆ ಬರುವ ತನಕ ಕಾಯಬೇಕಿತ್ತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದವು. ಹಿಂಡು ದಡ ಮುಟ್ಟುವ ಮೊದಲೇ ಹೊರಗಡಲಿನಲ್ಲಿ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಡೆದುಹೋದವು, ಹಗ್ಗ ಹಿಡಿದವರಲ್ಲಿ ಎಷ್ಟೋ ಜನ ಬೋಟಿನ ಕೂಲಿಗೆ ಸೇರಿದರು. ಇಂದು ಮಲ್ಪೆ, ಕಾಪು ಕಡೆ ಕೈರಂಪಣಿ ಅದರ ಕಿರಿಯ ನೆಂಟನಂತೆ ಉಳಿದಿದೆ.

ಹಿಂದೆ ಮಳೆಗಾಲದಲ್ಲಿ ಕಡಲೇ ಬಾಗಿಲು ಹಾಕುತ್ತಿತ್ತು. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲೆರೆದು, ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಿದ್ದರು. ಆ ಬಿಡುವಿನಲ್ಲಿ ಕಡಲೊಳಗೆ ನಡೆಯುವುದು ದೊಡ್ಡ ಕೆಲಸ. ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಅದರ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೆ ಬರುತ್ತದೆ. ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳು ನೀರು ತುಂಬ ಹುಟ್ಟುತ್ತವೆ. ಅವನ್ನುಂಡು ಬೂತಾಯಿ ಬೆಳೆಯುತ್ತದೆ, ಅದೇ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ತೂಫಾನ್ ಎದ್ದು ಕಡಲು ಕಲಕದಿದ್ದರೆ ಆ ವರ್ಷ ಮೀನಿಲ್ಲ ಎಂದು ನಾಡದೋಣಿಯವರು ಹೇಳುತ್ತಾರಲ್ಲ, ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಪುಸ್ತಕದ ವಿಜ್ಞಾನ ಅವರ ಮಾತಿಗೆ ಬಹುಮಟ್ಟಿಗೆ ಒಪ್ಪಿಗೆ ಹಾಕಿದೆ.

ಎಂಜಿನ್ನು ಬಲವಾದಾಗ ಕಡಲು ಹಾಕಿದ ಬಾಗಿಲು ಸಾಲದೆ ಹೋಯಿತು. ಕಾನೂನಿನ ಬಾಗಿಲು ಬೇಕಾಯಿತು. ನಮ್ಮ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ. ಈ ರಜೆಯನ್ನು ಬಹುತೇಕ ಬೋಟಿನವರು ಪಾಲಿಸುತ್ತಾರೆ, ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ತೊಂದರೆ ಆಗಸ್ಟ್ ತಿಂಗಳಿನದು. ರಜೆಯಲ್ಲಿ ಹುಟ್ಟಿದ ಮರಿಗಳು ಆಗಿನ್ನೂ ಬೆರಳುದ್ದ. ಎರಡು ತಿಂಗಳು ಕಾದ ಸಾವಿರಾರು ಬೋಟುಗಳು ಒಂದೇ ವಾರದಲ್ಲಿ ಹೊರಡುತ್ತವೆ. ರಜೆಯ ಫಲವನ್ನು ಉಳಿಸಿಕೊಳ್ಳಬೇಕಾದರೆ ಆ ಹೊತ್ತಿಗೆ ಬಲೆಯ ಕಣ್ಣು ದೊಡ್ಡದಿರಬೇಕು.

ಬಲೆಯ ಕಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತಾಡುತ್ತೇನೆ, ಮನ್ನಿಸಿ. ಟ್ರಾಲ್ ಬಲೆಯ ತುದಿಚೀಲದ ಕಣ್ಣು 35 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು ಎಂಬ ನಿಯಮವಿದೆ. ದಕ್ಕೆಗೆ ಹೋಗಿ ಬುಟ್ಟಿ ನೋಡಿದರೆ ಆ ನಿಯಮ ಎಷ್ಟು ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಊಟಕ್ಕೆ ಬಾರದ ಮರಿಮೀನು ರಾಶಿ ರಾಶಿಯಾಗಿ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಆ ಕಾರ್ಖಾನೆಗಳು ಬೇಕಾದಷ್ಟಿವೆ. ಕೊಳ್ಳುವವರಿದ್ದಾರೆ ಎಂಬ ಕಾರಣಕ್ಕೇ ಹಿಡಿಯುವವರಿದ್ದಾರೆ. ಜನರೇಟರ್ ಹೊತ್ತು, ಪ್ರಖರ ದೀಪ ಉರಿಸಿ ಮೀನು ಹಿಡಿಯುವುದನ್ನು 2017ರ ನವೆಂಬರ್‌ನಲ್ಲಿ ಕೇಂದ್ರ ನಿಷೇಧಿಸಿತು. 12 ನಾಟಿಕಲ್ ಮೈಲಿ ತನಕ ರಾಜ್ಯದ ಅಧಿಕಾರ, ಅಲ್ಲಿಂದ 200ರ ತನಕ ಕೇಂದ್ರದ್ದು. ಈ ಎರಡರ ನಡುವೆ ಆ ದೀಪಗಳು ಇನ್ನೂ ಉರಿಯುತ್ತಿವೆ ಎಂದು ನಾಡದೋಣಿಯವರು ಮತ್ತೆ ಮತ್ತೆ ದೂರುತ್ತಾರೆ.

ಕೇರಳದ ಅನುಭವವನ್ನು ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಅಲ್ಲಿ 2012ರಲ್ಲಿ ಸಿಕ್ಕ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಸಿಕ್ಕಿದ್ದು 3,297 ಟನ್. ಇದಕ್ಕೆ ಬರೀ ಬಲೆಯನ್ನು ದೂರಿದರೆ ಸತ್ಯಕ್ಕೆ ಮೋಸ. ಬೂತಾಯಿ ಹಿಂದಿನಿಂದಲೂ ಏರಿಳಿಯುವ ಮೀನು; 2015ರ ಎಲ್ ನಿನೊದ ಬಿಸಿಯೂ ಅದಕ್ಕೆ ತಟ್ಟಿತ್ತು. ಆಮೇಲೆ ಅದು ಚೇತರಿಸಿಕೊಂಡಿದೆ ಕೂಡ. ಆದರೆ ಕೆಟ್ಟ ವರ್ಷ ಬಂದಾಗ ಮೊಟ್ಟೆಯಿಡುವಷ್ಟು ಬೆಳೆದ ಮೀನು ಕಡಲಿನಲ್ಲಿ ಎಷ್ಟು ಉಳಿದಿತ್ತು ಎಂಬುದರ ಮೇಲೆ ಚೇತರಿಕೆ ನಿಂತಿದೆ, ಮತ್ತು ಅದು ಬಲೆಯ ಕಣ್ಣಿನ ಪ್ರಶ್ನೆ. ಕೇರಳ 2015ರಲ್ಲೇ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಅಳತೆ ಗೊತ್ತುಮಾಡಿ, ಅದಕ್ಕಿಂತ ಚಿಕ್ಕದನ್ನು ಹಿಡಿಯುವುದನ್ನು ಅಪರಾಧವಾಗಿಸಿತು. ಅಳತೆಪಟ್ಟಿ ಹಿಡಿದು ದಕ್ಕೆಯಲ್ಲಿ ನಿಲ್ಲುವುದು ಕಡಲಲ್ಲಿ ಬೋಟನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಎಷ್ಟೋ ಅಗ್ಗ.

ಗೆರೆ ಎಳೆದು ಕಾಯುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಕೆಲವು ಜಾಗಗಳಿಗೆ ಅದೇ ಬೇಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ ಇರುವ ನೇತ್ರಾಣಿ ದ್ವೀಪವನ್ನೇ ನೋಡಿ. ಹೊಳೆಗಳ ಸಿಹಿನೀರು, ಹೂಳು ಬೀಳುವ ನಮ್ಮ ದಡದಲ್ಲಿ ಹವಳ ಬೆಳೆಯುವುದು ಕಷ್ಟ. ದೂರದ ತಿಳಿನೀರಿನಲ್ಲಿ ನಿಂತ ನೇತ್ರಾಣಿಯ ಸುತ್ತ ಹವಳವಿದೆ, ಅದನ್ನು ನಂಬಿದ ಬಣ್ಣದ ಮೀನುಗಳ ಲೋಕವಿದೆ, ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿಯಾಗಿ ಬಳಸುತ್ತಿತ್ತೆಂದು ಪ್ರಕರಣ ಹೈಕೋರ್ಟ್ ತನಕ ಹೋಯಿತು. ಈಗ ಡೈವಿಂಗ್‌ಗೆ ಬರುವ ಪ್ರವಾಸಿಗಳೇ ಹೆಚ್ಚು. ಒಂದು ಲಂಗರು ಬಿದ್ದರೆ ಹಲವಾರು ವರ್ಷ ಬೆಳೆದ ಹವಳ ಒಂದೇ ಏಟಿಗೆ ಮುರಿಯುತ್ತದೆ. ಬೋಟು ಕಟ್ಟಲು ತೇಲುಬುರುಡೆಗಳನ್ನು ಖಾಯಂ ಆಗಿ ಹಾಕಿ, ಲಂಗರು ಬಿಡುವುದನ್ನು ಪೂರ್ತಿ ನಿಲ್ಲಿಸಿದರೆ ಅರ್ಧ ರಕ್ಷಣೆ ಆದಂತೆಯೇ. ಇದು ಕೋಟಿಗಟ್ಟಲೆ ಹಣದ ಕೆಲಸವಲ್ಲ.

ಕಡಲಾಮೆಗಳ ಕಥೆ ಬೇರೆ. ನಮ್ಮ ದಡಕ್ಕೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ. ಒಡಿಶಾದ ಗಹಿರ್‌ಮಾಥಾದಂತೆ ಇಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರುವುದಿಲ್ಲ. ಕಾಸರಕೋಡು ಟೊಂಕ, ಕಾರವಾರ, ಕುಂದಾಪುರದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಒಂದೊಂದಾಗಿ ಬಂದು, ನೂರರಷ್ಟು ಮೊಟ್ಟೆಯಿಟ್ಟು ಹೋಗುತ್ತವೆ. ಸುಮಾರು ಐವತ್ತು ದಿನಕ್ಕೆ ಮರಿಗಳು ಮರಳು ಸರಿಸಿ ಹೊರಬಂದು ಎಲ್ಲಿ ಬೆಳಕು ಹೆಚ್ಚೋ ಅತ್ತ ತೆವಳುತ್ತವೆ. ಕತ್ತಲ ದಡದಲ್ಲಿ ಆ ಬೆಳಕು ಕಡಲಿನದು. ರೆಸಾರ್ಟ್, ರಸ್ತೆದೀಪಗಳಿರುವಲ್ಲಿ ಮರಿಗಳು ರಸ್ತೆಗೆ ಬರುತ್ತವೆ. ಪ್ರತಿ ಮಳೆಗಾಲ ಕೊರೆತಕ್ಕೆಂದು ಕಲ್ಲುಗುಡ್ಡೆ ಸುರಿದ ದಡದಲ್ಲಂತೂ ತಾಯಿ ಆಮೆಗೆ ಹತ್ತಲು ಮರಳೇ ಇಲ್ಲ. ಗೂಡನ್ನು ಕಂಡು ಅರಣ್ಯ ಇಲಾಖೆಗೆ ಹೇಳುವವರು, ಬಲೆ ಸುತ್ತಿ ಕಾಯುವವರು ಬಹುಪಾಲು ಅದೇ ದಡದ ಮೀನುಗಾರ ಹುಡುಗರು. ಆಮೆಯನ್ನು ಕೂರ್ಮನೆಂದು ಕೈಮುಗಿಯುವ ಮನೆಗಳವರು ಅವರು.

ಆದರೂ ಟ್ರಾಲ್ ಬಲೆಯಲ್ಲಿ ಆಮೆ ಸಾಯುತ್ತದೆ. ಅದು ಉಸಿರಿಗೆ ಮೇಲೆ ಬರಬೇಕಾದ ಪ್ರಾಣಿ, ಬಲೆಯಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ. ಇದಕ್ಕೆ ಉಪಾಯವಿದೆ: ತುದಿಚೀಲದ ಮುಂದೆ ಓರೆಯಾಗಿ ಒಂದು ಕಬ್ಬಿಣದ ಸರಳು ಚೌಕಟ್ಟು, ಸಿಗಡಿ ಸರಳುಗಳ ನಡುವೆ ಒಳಗೆ ಹೋಗುತ್ತದೆ, ಆಮೆ ಜಾರಿ ಮೇಲಿನ ತೆರಪಿನಿಂದ ಹೊರಬೀಳುತ್ತದೆ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ ಹೊಂದುವಂತೆ ಇದನ್ನು ಮಾಡಿಕೊಟ್ಟಿದೆ. ಮೀನೂ ತಪ್ಪಿಸಿಕೊಳ್ಳುತ್ತದೆಂಬ ಭಯದಿಂದ ಬಳಸುವವರು ವಿರಳ. ಪರಿಣಾಮವಾಗಿ 2019ರಿಂದ ಅಮೆರಿಕ ನಮ್ಮ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುತ್ತಿಲ್ಲ. ನಷ್ಟ ಆಮೆಗೂ ಆಯಿತು, ಮೀನುಗಾರನಿಗೂ ಆಯಿತು.

ಗುಜರಾತಿನ ವೆರಾವಲ್ ಕಡೆಯವರು ಒಂದು ದಾರಿ ತೋರಿಸಿದ್ದಾರೆ. ಅಲ್ಲಿ ವೇಲ್ ಶಾರ್ಕ್ ಎಂಬ ಸಾಧು ದೈತ್ಯ ಮೀನನ್ನು ಯಕೃತ್ತಿನ ಎಣ್ಣೆಗಾಗಿ, ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿದರು. ಕಾಯ್ದೆಯೊಂದರಿಂದ ಆಗದ್ದು 2004ರಲ್ಲಿ ಆರಂಭವಾದ ಪ್ರಚಾರದಿಂದ ಆಯಿತು. ಕಥಾಕಾರ ಮೊರಾರಿ ಬಾಪು ಅದನ್ನು ಬಾಣಂತನಕ್ಕೆ ತವರಿಗೆ ಬರುವ ಮಗಳಿಗೆ ಹೋಲಿಸಿ ಹೇಳಿದರು. ಅದನ್ನು ಬಿಡಿಸಲು ಬಲೆ ಕತ್ತರಿಸಿದವನಿಗೆ ಅರಣ್ಯ ಇಲಾಖೆ ಬಲೆಯ ಬೆಲೆ ಕಟ್ಟಿಕೊಟ್ಟಿತು. ಅಂದಿನಿಂದ ನೂರಾರು ವೇಲ್ ಶಾರ್ಕ್‌ಗಳನ್ನು ಮೀನುಗಾರರೇ ಬಿಟ್ಟಿದ್ದಾರೆ. ಭಾವನೆಯೂ ಬೇಕಾಯಿತು, ಬಲೆಯ ದುಡ್ಡೂ ಬೇಕಾಯಿತು. ನಮ್ಮಲ್ಲಿ ಆಮೆಗಾಗಿ ಬಲೆ ಕತ್ತರಿಸುವವನ ನಷ್ಟವನ್ನೂ ಹೀಗೆಯೇ ಯಾರಾದರೂ ಹೊರಲೇಬೇಕು. ಬಡವನ ಜೇಬಿನಿಂದ ಪುಣ್ಯ ಮಾಡಿಸುವುದು ನ್ಯಾಯವಲ್ಲ.

ಕೊನೆಗೆ ಹೊನ್ನಾವರಕ್ಕೆ ಹಿಂದಿರುಗುತ್ತೇನೆ. ಅಲ್ಲಿನ ಅಪ್ಸರಕೊಂಡ–ಮುಗಳಿ ನಮ್ಮ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮ. ಕರಾವಳಿಗೆ ಇಂಥದೊಂದು ಬಂದದ್ದು ಸಂತೋಷ. ಆದರೆ ಅದರ ಹತ್ತಿರದಲ್ಲೇ ಕಡಲು ಸೇರುವ ಶರಾವತಿಯ ಉಪ್ಪನ್ನು ತೀರ್ಮಾನಿಸುವುದು ಘಟ್ಟದ ಮೇಲಿನ ವಿದ್ಯುದಾಗಾರಗಳ ವೇಳಾಪಟ್ಟಿ. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಡೆದಿದೆ. ಸಿಂಗಳೀಕಗಳ ಬಗ್ಗೆ, ಕಾಡಿನ ಬಗ್ಗೆ ಜನ ದನಿಯೆತ್ತಿದ್ದಾರೆ, ಎತ್ತಬೇಕಾದದ್ದೇ. ಅಳಿವೆಯ ಬಗ್ಗೆ ಕೇಳಿಬಂದ ಮಾತು ಕಡಿಮೆ. ಒಂದು ಕಡೆ ಧಾಮ ಘೋಷಿಸಿ, ಇನ್ನೊಂದು ಕಡೆ ಅದರ ಪಕ್ಕದ ಹೊಳೆಯ ಬಾಯನ್ನು ಮರೆತರೆ ಆ ಧಾಮ ಅರೆಬರೆಯೇ.

ಆದ್ದರಿಂದ ಈ ವೇದಿಕೆಯಿಂದ ನನ್ನ ಬೇಡಿಕೆ ಇಷ್ಟು. ಶರಾವತಿ ಅಳಿವೆಯಲ್ಲಿ ವರ್ಷವಿಡೀ ಉಪ್ಪಿನ ಅಂಶ ಅಳೆಯುವ ವ್ಯವಸ್ಥೆಯಾಗಲಿ, ಆ ಅಂಕಿಗಳು ಜನರ ಕಣ್ಣಿಗೆ ಬೀಳಲಿ. ಬೇಸಿಗೆಯಲ್ಲಿ ಕೆಲವು ವಾರವಾದರೂ ಉಪ್ಪು ಒಳಗೆ ಬರುವಂತೆ ನೀರು ಬಿಡುವ ವೇಳೆಯನ್ನು ಹೊಂದಿಸಲು ಸಾಧ್ಯವೇ ಎಂದು ಎಂಜಿನಿಯರುಗಳು ಪ್ರಾಮಾಣಿಕವಾಗಿ ನೋಡಲಿ. ಮತ್ತು ಗೇರುಸೊಪ್ಪೆಯ ನೀರಿನ ಬಗ್ಗೆ ಸಭೆ ಕರೆದಾಗ, ದಯವಿಟ್ಟು ಹೊನ್ನಾವರದ ಮೀನುಗಾರರನ್ನೂ ಕರೆಯಿರಿ.